ಸೇನಾ ಇತಿಹಾಸವನ್ನೂ ಕಾದಂಬರಿಯನ್ನೂ ಒಬ್ಬನೇ ಬರೆಯಬಹುದೇ?

ಪ್ರಶ್ನೆ: ಮಾಜಿ ಸೈನಿಕ, ವಿರಾಜಪೇಟೆ

ಎಲ್ಲರಿಗೂ ನಮಸ್ಕಾರ. ಸೇನೆಯ ಸಿಗ್ನಲ್ಸ್ ವಿಭಾಗದಲ್ಲಿ 17 ವರ್ಷ ದುಡಿದು, ಹವಾಲ್ದಾರನಾಗಿ ನಿವೃತ್ತನಾಗಿ ಊರಿಗೆ ಮರಳಿ ಮೂರು ವರ್ಷಗಳಾದವು. ಸ್ವಲ್ಪ ಕಾಫಿ ತೋಟವಿದೆ, ಪಿಂಚಣಿ ಬರುತ್ತದೆ, ಸೇವೆಯಲ್ಲಿದ್ದಾಗಲೇ ದೂರ ಶಿಕ್ಷಣದಲ್ಲಿ ಇತಿಹಾಸದ ಎಂ.ಎ. ಮುಗಿಸಿದ್ದೇನೆ. ಉಳಿದ ಆಯುಷ್ಯವನ್ನು ಸೇನಾ ಇತಿಹಾಸದ ಬರವಣಿಗೆಗೆ ಕೊಡಬೇಕೆಂದು ನಿಶ್ಚಯಿಸಿದ್ದೇನೆ. ಆದರೆ ರಾತ್ರಿ ಬರೆಯಲು ಕುಳಿತರೆ ಕೈಯಿಂದ ಹೊರಡುವುದು ಇತಿಹಾಸವಲ್ಲ, ಕಾದಂಬರಿ.

ತೊಡಕು ಇರುವುದು ನನ್ನ ಅಜ್ಜನ ವಿಷಯದಲ್ಲಿ. ಅವರು ಎರಡನೇ ಮಹಾಯುದ್ಧದಲ್ಲಿ ರಾಯಲ್ ಇಂಡಿಯನ್ ಆರ್ಮಿ ಸರ್ವಿಸ್ ಕೋರ್‌ನ ಚಾಲಕರಾಗಿ ಬರ್ಮಾ ರಂಗದಲ್ಲಿದ್ದರು. 1945ರ ಜನವರಿ ಕೊನೆಯಲ್ಲಿ ಬರ್ಮಾದ ಪಶ್ಚಿಮ ಕರಾವಳಿಯ ಅರಾಕಾನಿನ ಕಾಂಗಾವ್‌ನಲ್ಲಿ ಕದನ ನಡೆದಾಗ, ಆಗ ಲೆಫ್ಟಿನೆಂಟ್ ಕರ್ನಲ್ ಆಗಿದ್ದ, ಮುಂದೆ ಭೂಸೇನೆಯ ಮುಖ್ಯಸ್ಥರಾದ ಕೊಡಗಿನ ತಿಮ್ಮಯ್ಯನವರ ಜೀಪು ಓಡಿಸಿದವರು ನಮ್ಮ ಅಜ್ಜನೇ ಎಂಬುದು ನಮ್ಮ ಒಕ್ಕದ (ಮನೆತನದ) ಎಲ್ಲರ ನಂಬಿಕೆ. ಸುಗ್ಗಿಯ ಹಬ್ಬವಾದ ಹುತ್ತರಿಗೆ, ಒಕ್ಕದ ಮೂಲಮನೆಯಾದ ಐನ್‌ಮನೆಯಲ್ಲಿ ಸೇರಿದಾಗಲೆಲ್ಲ ದೊಡ್ಡಪ್ಪ ಈ ಕತೆ ಹೇಳುತ್ತಾರೆ. ಪ್ರತಿ ವರ್ಷವೂ ಆ ಜೀಪಿಗೆ ಇನ್ನೊಂದೆರಡು ಗುಂಡುಗಳು ಹೆಚ್ಚಾಗಿ ತಗಲಿರುತ್ತವೆ.

ಕಳೆದ ಮಳೆಗಾಲದಲ್ಲಿ ಅಟ್ಟ ಸೋರಿದ್ದರಿಂದ ಅಲ್ಲಿದ್ದ ತಗಡಿನ ಪೆಟ್ಟಿಗೆಯನ್ನು ಕೆಳಗಿಳಿಸಿದೆವು. ಅದರಲ್ಲಿ ಅಜ್ಜ ಪೆನ್ಸಿಲಿನಲ್ಲಿ ಕನ್ನಡದಲ್ಲಿ ಬರೆದ 11 ಪತ್ರಗಳಿದ್ದವು. ಒಂದರ ಮೇಲ್ತುದಿಯನ್ನು ಸೆನ್ಸಾರಿನವರು ಕತ್ತರಿಯಿಂದ ನೇರವಾಗಿ ಕತ್ತರಿಸಿ ತೆಗೆದಿದ್ದಾರೆ, ಆದರೆ ಕೆಳಗೆ ತಾರೀಖು ಉಳಿದಿದೆ: 29 ಜನವರಿ 1945. ರಾಂಚಿಯ ಸೇನಾ ಆಸ್ಪತ್ರೆಯಲ್ಲಿ ಎರಡು ವಾರದಿಂದ ಚಳಿಜ್ವರದಲ್ಲಿ ಮಲಗಿದ್ದೇನೆ, ಮಾತ್ರೆ ನುಂಗಿ ನುಂಗಿ ಮೈಯೆಲ್ಲ ಅರಿಶಿನ ಹಚ್ಚಿದಂತೆ ಹಳದಿಯಾಗಿದೆ ಎಂದು ಬರೆದಿದ್ದಾರೆ. ಹಾಗಿದ್ದರೆ ಅವರು ಕಾಂಗಾವ್‌ನಲ್ಲಿ ಇರಲು ಸಾಧ್ಯವೇ ಇಲ್ಲ.

ಇತಿಹಾಸ ಬರೆದರೆ ಅಜ್ಜನನ್ನು ಜೀಪಿನಿಂದ ಇಳಿಸಬೇಕು. ಕಾದಂಬರಿಯಾದರೆ ಕೂರಿಸಿಯೇ ಬಿಡಬಹುದು. ಎರಡನ್ನೂ ಬರೆದರೆ ನನ್ನ ಇತಿಹಾಸವನ್ನು ಯಾರಾದರೂ ನಂಬುತ್ತಾರೆಯೇ? ಈ ವೃತ್ತಿಗೆ ಪಿಎಚ್.ಡಿ. ಕಡ್ಡಾಯವೇ? ಹೊಟ್ಟೆಪಾಡಿಗೆ ಏನಾದರೂ ಹುಟ್ಟುತ್ತದೆಯೇ?

ಉತ್ತರ: ನಿವೃತ್ತ ಇತಿಹಾಸ ಅಧ್ಯಾಪಕಿ, ಮಡಿಕೇರಿ

ಪಿಎಚ್.ಡಿ. ಬೇಕಿಲ್ಲ. ವಿಶ್ವವಿದ್ಯಾಲಯದಲ್ಲಿ ಪಾಠ ಮಾಡುವ ಉದ್ದೇಶವಿದ್ದರೆ ಮಾತ್ರ ಅದರ ಗೋಜು. ಬ್ರಿಟನ್ನಿನ ಆಂಟನಿ ಬೀವರ್ ಅವರು ಸೇನಾಧಿಕಾರಿಯಾಗಿದ್ದು, ಕೆಲಸ ಬಿಟ್ಟು ಮೊದಲು ಬರೆದದ್ದು ಕಾದಂಬರಿಗಳನ್ನೇ. ಸ್ಟಾಲಿನ್‌ಗ್ರಾಡ್ ಕದನದ ಕುರಿತ ಅವರ ಇತಿಹಾಸಗ್ರಂಥ ಪ್ರಕಟವಾಗಿ ಹೆಸರು ಬಂದಾಗ 1998, ಅಂದರೆ ಅವರಿಗೆ ಐವತ್ತು ದಾಟಿತ್ತು. ಅಮೆರಿಕದ ಶೆಲ್ಬಿ ಫೂಟ್ ಅವರಂತೂ ಕಾಲೇಜು ಪದವಿಯನ್ನೂ ಪೂರೈಸದ ಕಾದಂಬರಿಕಾರ. ಅಲ್ಲಿನ ಅಂತರ್ಯುದ್ಧದ ಬಗ್ಗೆ ಒಂದು ಚಿಕ್ಕ ಪುಸ್ತಕ ಬರೆದುಕೊಡಿ ಎಂದು ಪ್ರಕಾಶಕರು ಕೇಳಿದ್ದಕ್ಕೆ ಒಪ್ಪಿಕೊಂಡ ಅವರು ಇಪ್ಪತ್ತು ವರ್ಷ ಅದರಲ್ಲೇ ಕಳೆದು, 1974ರಲ್ಲಿ ಮೂರನೇ ಸಂಪುಟ ಮುಗಿಸಿ ಎದ್ದರು. ಆದರೆ ಅಡಿಟಿಪ್ಪಣಿಗಳನ್ನು ಕೊಡಲಿಲ್ಲ. ಆ ದೂರು ವೃತ್ತಿಪರ ಇತಿಹಾಸಕಾರರಿಂದ ಅವರಿಗೆ ಕೊನೆಯವರೆಗೂ ತಪ್ಪಲಿಲ್ಲ. ಆಡ್ರಿಯನ್ ಗೋಲ್ಡ್ಸ್‌ವರ್ದಿ ಅವರದು ತಿರುಗಿದ ದಾರಿ. ರೋಮನ್ ಸೈನ್ಯದ ಬಗ್ಗೆ ಆಕ್ಸ್‌ಫರ್ಡಿನಲ್ಲಿ ಡಾಕ್ಟರೇಟ್ ಪಡೆದು, ಇತಿಹಾಸಕಾರರೆಂದು ಹೆಸರು ಗಟ್ಟಿಯಾದ ಮೇಲೆ ಕಾದಂಬರಿಗೆ ಕೈಹಾಕಿದರು.

ನನ್ನ ಅಭಿಪ್ರಾಯ ಸ್ಪಷ್ಟವಾಗಿದೆ: ಎರಡು ಪುಸ್ತಕ ಬರೆಯಿರಿ, ಒಂದರೊಳಗೆ ಇನ್ನೊಂದನ್ನು ನುಗ್ಗಿಸಬೇಡಿ. ಕೊಡಗಿನವರಾದ ನಮಗೆ ಇದರ ಪಾಡು ಚೆನ್ನಾಗಿಯೇ ಗೊತ್ತು. ಕೊಡಗಿನ ಕೊನೆಯ ರಾಜನ ಕುರಿತ ಮಾಸ್ತಿಯವರ ‘ಚಿಕವೀರ ರಾಜೇಂದ್ರ’ ತಾನು ಕಾದಂಬರಿಯೆಂದು ಹೇಳಿಕೊಂಡೇ ಬಂದ ಕೃತಿ, ಅದಕ್ಕೆ ಜ್ಞಾನಪೀಠವೂ ಸಂದಿತು. ಆದರೂ 1834ರಲ್ಲಿ ಕೊಡಗು ಇಂಗ್ಲಿಷರ ಕೈಸೇರಿದ್ದರ ಬಗ್ಗೆ ಇಲ್ಲಿ ಯಾರು ವಾದಕ್ಕಿಳಿದರೂ ದಾಖಲೆಯಲ್ಲಿದ್ದದ್ದು ಯಾವುದು, ಕಾದಂಬರಿಯಲ್ಲಿ ಓದಿದ್ದು ಯಾವುದು ಎಂಬ ಗೆರೆ ಹತ್ತು ನಿಮಿಷದಲ್ಲಿ ಅಳಿಸಿಹೋಗುತ್ತದೆ. ನನ್ನ ವಿದ್ಯಾರ್ಥಿಯೊಬ್ಬ ಪರೀಕ್ಷೆಯಲ್ಲಿ ರಾಜನೂ ರಾಣಿಯೂ ಆಡಿದ ಮಾತುಗಳನ್ನು ಉದ್ಧರಣ ಚಿಹ್ನೆ ಹಾಕಿಯೇ ಬರೆದಿದ್ದ. ತಪ್ಪು ಮಾಸ್ತಿಯವರದಲ್ಲ, ಒಳ್ಳೆಯ ಕಾದಂಬರಿಗೆ ಅಷ್ಟು ಬಲವಿರುತ್ತದೆ, ಅಷ್ಟೇ.

ಉತ್ತರ: ನಿವೃತ್ತ ಫಿರಂಗಿ ದಳದ ಅಧಿಕಾರಿ, ಪೊನ್ನಂಪೇಟೆ

ಮೇಡಂ ಹೇಳಿದ್ದನ್ನು ಒಪ್ಪುತ್ತೇನೆ. ನಾನು ದಾಖಲೆಗಳ ಬಗ್ಗೆ ಹೇಳುತ್ತೇನೆ.

ಯುದ್ಧಕಾಲದಲ್ಲಿ ಪ್ರತಿ ಘಟಕವೂ ದಿನದಿನದ ಘಟನೆಗಳನ್ನು ‘ವಾರ್ ಡೈರಿ’ಯಲ್ಲಿ ಬರೆದು ತಿಂಗಳಿಗೊಮ್ಮೆ ಮೇಲಕ್ಕೆ ಕಳುಹಿಸಬೇಕಿತ್ತು. ಬರ್ಮಾ ರಂಗದ ಡೈರಿಗಳ ದೊಡ್ಡ ಸಂಗ್ರಹ ಲಂಡನ್ನಿನ ಕ್ಯೂನಲ್ಲಿರುವ ಬ್ರಿಟಿಷ್ ರಾಷ್ಟ್ರೀಯ ದಾಖಲಾಲಯದಲ್ಲಿ ‘ಡಬ್ಲ್ಯೂಒ 172’ ಎಂಬ ಸರಣಿಯಲ್ಲಿದೆ. ತಿಮ್ಮಯ್ಯನವರ ಪಲ್ಟನ್ನನ್ನು ಹುಡುಕುವಾಗ 19ನೇ ಹೈದರಾಬಾದ್ ರೆಜಿಮೆಂಟಿನ 8ನೇ ಬೆಟಾಲಿಯನ್ ಎಂದು ಹುಡುಕಿ; ಆ ರೆಜಿಮೆಂಟಿಗೆ ಕುಮಾವೂ ಎಂಬ ಹೆಸರು ಬಂದದ್ದು 1945ರ ಅಕ್ಟೋಬರಿನಲ್ಲಿ. ಅದು 51ನೇ ಬ್ರಿಗೇಡಿನಲ್ಲಿತ್ತು, ಆ ಬ್ರಿಗೇಡಿನ ಮೂರೂ ಪಲ್ಟನ್‌ಗಳನ್ನು ತಿಮ್ಮಯ್ಯ, ಥೋರಟ್, ಸೇನ್ ಎಂಬ ಭಾರತೀಯರೇ ಮುನ್ನಡೆಸುತ್ತಿದ್ದರು. ಆದರೆ ಒಂದು ಮಾತು: ವಾರ್ ಡೈರಿಯಲ್ಲಿ ಹೆಸರು ಬರುವುದು ಹೆಚ್ಚಾಗಿ ಅಧಿಕಾರಿಗಳದು. ಜವಾನರು, ಚಾಲಕರು ಸತ್ತರೂ ಗಾಯಗೊಂಡರೂ ಸಾಮಾನ್ಯವಾಗಿ ಬರೀ ಅಂಕಿಗಳಾಗಿ ಬರುತ್ತಾರೆ. ಆದ್ದರಿಂದ ನಿಮ್ಮ ಪೆಟ್ಟಿಗೆಯ ಆ 11 ಪತ್ರಗಳಿಗೆ ಕ್ಯೂನಲ್ಲಿ ಸಿಗದ ಬೆಲೆಯಿದೆ; ಮೊದಲು ಅವುಗಳ ಚಿತ್ರ ತೆಗೆದಿಟ್ಟುಕೊಳ್ಳಿ, ಮುಂದಿನ ಮಳೆಗಾಲದವರೆಗೆ ಕಾಯಬೇಡಿ.

ಸ್ವಾತಂತ್ರ್ಯಾನಂತರದ ಯುದ್ಧಗಳಿಗೆ ಕೈಹಾಕಿದರೆ ದಾರಿ ಕಠಿಣ. 1962ರ ಚೀನಾ ಯುದ್ಧದ ಸೋಲಿನ ಕುರಿತ ಹೆಂಡರ್ಸನ್ ಬ್ರೂಕ್ಸ್ ವರದಿಯನ್ನು ಸರ್ಕಾರ ಇಂದಿಗೂ ಪ್ರಕಟಿಸಿಲ್ಲ. ಸಾಮಾನ್ಯವಾಗಿ 25 ವರ್ಷದೊಳಗೆ ದಾಖಲೆಗಳ ಗೋಪ್ಯತೆ ತೆರವಾಗಬೇಕು ಎಂಬ ನೀತಿಯನ್ನು ರಕ್ಷಣಾ ಸಚಿವಾಲಯ ಪ್ರಕಟಿಸಿದ್ದು 2021ರಲ್ಲಿ.

ಕಾದಂಬರಿಯ ಪ್ರಶ್ನೆಗೆ ನಮ್ಮವರೇ ಆದ ಸ್ಕ್ವಾಡ್ರನ್ ಲೀಡರ್ ಅಜ್ಜಮಾಡ ದೇವಯ್ಯನವರನ್ನು ನೆನೆಯಿರಿ. 1965ರ ಸೆಪ್ಟೆಂಬರ್ 7ರಂದು ಪಾಕಿಸ್ತಾನದ ಸರ್ಗೋಧಾ ವಾಯುನೆಲೆಯ ಮೇಲಿನ ದಾಳಿಗೆ ಹೋದ ಅವರ ಮಿಸ್ಟೇರ್ ವಿಮಾನ ಮರಳಲಿಲ್ಲ. ಏನಾಯಿತೆಂದು ಇಲ್ಲಿ ಯಾರಿಗೂ ತಿಳಿದಿರಲಿಲ್ಲ. ಅವರು ತಮಗಿಂತ ಬಹಳ ವೇಗದ ಸ್ಟಾರ್‌ಫೈಟರ್ ವಿಮಾನವೊಂದನ್ನು ಎದುರಿಸಿ ಹೊಡೆದುರುಳಿಸಿದ್ದರು ಎಂಬುದು ಹೊರಬಿದ್ದದ್ದು, ಪಾಕಿಸ್ತಾನದ ಕಡೆಯ ಮಾಹಿತಿಯನ್ನು ಆಧರಿಸಿ ಬ್ರಿಟಿಷ್ ಲೇಖಕ ಜಾನ್ ಫ್ರಿಕರ್ 1979ರಲ್ಲಿ ಪ್ರಕಟಿಸಿದ ಪುಸ್ತಕದಿಂದ. 1988ರಲ್ಲಿ, ಅಂದರೆ 23 ವರ್ಷಗಳ ನಂತರ, ಮಹಾವೀರ ಚಕ್ರ ಬಂದು ಅವರ ಪತ್ನಿಯ ಕೈಸೇರಿತು. ಅದೇ ದೃಶ್ಯವನ್ನು ಯಾರಾದರೂ 1970ರಲ್ಲಿ ಊಹಿಸಿ ಕಾದಂಬರಿಯಲ್ಲಿ ಬರೆದಿದ್ದರೆ, ಅದು ಅಕ್ಷರಶಃ ನಿಜವೇ ಆಗಿದ್ದರೂ, ಅದರ ಬಲದ ಮೇಲೆ ಯಾರೂ ಪದಕ ಕೊಡುತ್ತಿರಲಿಲ್ಲ.

ಉತ್ತರ: ಕಾದಂಬರಿಕಾರ, ಸೋಮವಾರಪೇಟೆ

ದುಡ್ಡಿನ ಮಾತನ್ನು ಮೊದಲು ಮುಗಿಸುತ್ತೇನೆ. ಕನ್ನಡದಲ್ಲಿ ಬರೆದು ಬದುಕುತ್ತೇನೆ ಎಂದುಕೊಳ್ಳಬೇಡಿ. ನನ್ನ ಮೊದಲ ಕಾದಂಬರಿಯ ಗೌರವಧನ ನಗದಾಗಿ ಬರಲಿಲ್ಲ, ಪುಸ್ತಕಗಳಾಗಿ ಬಂತು. ಅವು ಈಗಲೂ ಮಂಚದ ಕೆಳಗಿವೆ. ತೋಟ, ಪಿಂಚಣಿ ಎರಡನ್ನೂ ಗಟ್ಟಿಯಾಗಿ ಹಿಡಿದುಕೊಳ್ಳಿ, ಕೊಯ್ಲಿನ ತಿಂಗಳುಗಳಲ್ಲಿ ಬರೆಯುವ ಹಟ ಮಾಡಬೇಡಿ.

ಉಳಿದಂತೆ ಮೇಲಿನ ಇಬ್ಬರು ಹಿರಿಯರ ಮಾತಿಗೆ ನನ್ನದೊಂದು ಸಣ್ಣ ತಕರಾರಿದೆ. ಕಾದಂಬರಿಯೆಂದರೆ ಅಜ್ಜನನ್ನು ಜೀಪಿನಲ್ಲಿ ಕೂರಿಸುವ ಸ್ವಾತಂತ್ರ್ಯ ಎಂದು ಪ್ರಶ್ನೆ ಕೇಳಿದವರೂ, ಉತ್ತರಿಸಿದವರೂ ಭಾವಿಸಿದಂತಿದೆ. ನನಗೆ ಜೀಪಿನ ಕತೆಯಲ್ಲಿ ಕುತೂಹಲವಿಲ್ಲ, ಅಂಥವು ಬೇಕಾದಷ್ಟಿವೆ. ಮೈ ಹಳದಿಯಾಗಿ ರಾಂಚಿಯಲ್ಲಿ ಮಲಗಿದ್ದ ಮನುಷ್ಯ ಊರಿಗೆ ಬಂದ ಮೇಲೆ ಕಾಂಗಾವ್‌ನಲ್ಲಿದ್ದೆ ಎಂದು ಹೇಳಿದನೇ, ಅಥವಾ ಅವನು ಸುಮ್ಮನಿದ್ದಾಗ ಮನೆಯವರೇ ಅವನನ್ನು ಅಲ್ಲಿಗೆ ಕಳುಹಿಸಿದರೇ? ಇತಿಹಾಸಕಾರ ಆ ಪತ್ರದ ತಾರೀಖನ್ನು ಓದಿ ಕತೆ ಸುಳ್ಳೆಂದು ಬರೆದು ಮುಂದೆ ಹೋಗುತ್ತಾನೆ. ಕಾದಂಬರಿಕಾರ ಅಲ್ಲಿಯೇ ಕೂತುಕೊಳ್ಳಬೇಕು. ಆಗ ನಿಮ್ಮ ಎರಡು ಪುಸ್ತಕಗಳು ಒಂದನ್ನೊಂದು ಸುಳ್ಳಾಗಿಸುವ ಪ್ರಮೇಯವೇ ಬರುವುದಿಲ್ಲ. ಪಾತ್ರದ ಹೆಸರು, ಮನೆತನ ಮಾತ್ರ ಬದಲಿಸಿ, ಇಲ್ಲದಿದ್ದರೆ ಮುಂದಿನ ಹುತ್ತರಿಗೆ ನಿಮಗೆ ಐನ್‌ಮನೆಯಲ್ಲಿ ಊಟ ಸಿಗಲಿಕ್ಕಿಲ್ಲ.

ಪ್ರಶ್ನೆ ಕೇಳಿದವರು

ಮೂವರಿಗೂ ಕೃತಜ್ಞತೆಗಳು. ಸರ್ ಹೇಳಿದಂತೆ ನಿನ್ನೆ ಹಗಲಿನ ಬೆಳಕಿನಲ್ಲಿ ಎಲ್ಲ ಪತ್ರಗಳ ಚಿತ್ರ ತೆಗೆದೆ. ಹಾಗೆ ತೆಗೆಯುವಾಗ, ಮಡಿಕೆಯಲ್ಲಿ ಅಕ್ಷರ ಮಾಸಿದ್ದರಿಂದ ಹಿಂದೆ ಬಿಟ್ಟಿದ್ದ ಫೆಬ್ರವರಿಯ ಪತ್ರವೊಂದನ್ನು ದೊಡ್ಡದು ಮಾಡಿ ಓದಲು ಸಾಧ್ಯವಾಯಿತು. ಪಕ್ಕದ ಮಂಚಕ್ಕೆ ಕಾಲಿಗೆ ಪೆಟ್ಟಾದ ಚಾಲಕನೊಬ್ಬ ಬಂದಿದ್ದಾನೆ, ನಮ್ಮ ಕೊಡಗಿನ ದೊಡ್ಡ ಅಧಿಕಾರಿಯೊಬ್ಬರ ಬಗ್ಗೆ ರಾತ್ರಿಯೆಲ್ಲ ಹೇಳುತ್ತಾನೆ, ಕೇಳಿ ಕೇಳಿ ನನಗೂ ಅಲ್ಲೇ ಇದ್ದ ಹಾಗೆ ಆಗಿದೆ ಎಂದು ಅಜ್ಜ ಬರೆದಿದ್ದಾರೆ. ಆ ಚಾಲಕನ ಹೆಸರಿದ್ದ ಜಾಗದಲ್ಲಿ ಕಾಗದ ಹರಿದಿದೆ.

ದೊಡ್ಡಪ್ಪನಿಗೆ ಇನ್ನೂ ಓದಿ ಹೇಳಿಲ್ಲ.