ಟ್ರಸ್ಟ್‌ನವರು ಸ್ಮಾರ್ಟ್ ಕ್ಲಾಸ್ ಕೊಡ್ತಾರಂತೆ: ಯಾವ ಕಾಗದಕ್ಕೆ ಸಹಿ ಹಾಕಬೇಕು, ಯಾವುದಕ್ಕೆ ಬೇಡ?

ಶಾಲೆಬಾಗಿಲು:
ಸರ್ಕಾರಿ ಹಿರಿಯ ಪ್ರಾಥಮಿಕ ಶಾಲೆ, 140 ಮಕ್ಕಳು. ಕಂಪನಿಯೊಂದರ ಸಿಎಸ್‌ಆರ್ (ಕಂಪನಿಗಳ ಸಾಮಾಜಿಕ ಹೊಣೆಗಾರಿಕೆ) ಹಣದಲ್ಲಿ ಎರಡು ಸ್ಮಾರ್ಟ್ ಕ್ಲಾಸ್ ಮಾಡಿಕೊಡಲು ಒಂದು ಟ್ರಸ್ಟ್ ಮುಂದೆ ಬಂದಿದೆ. ಶಾಲೆಯ ಲೆಟರ್‌ಹೆಡ್‌ನಲ್ಲಿ ಬೇಡಿಕೆ ಪತ್ರ ಕೇಳಿದ್ದಾರೆ, ಅದು ಸರಿ. ಜೊತೆಗೆ ಮೊತ್ತದ ಜಾಗ ಖಾಲಿ ಬಿಟ್ಟ ಹಣಬಳಕೆ ಪ್ರಮಾಣಪತ್ರಕ್ಕೂ (ಯುಸಿ) ಈಗಲೇ ಸಹಿ, ಮೊಹರು ಬೇಕಂತೆ. ಹಾಕಬಹುದೇ? ಟ್ರಸ್ಟ್‌ನ ಲೆಕ್ಕ ಕೇಳುವ ಅಧಿಕಾರ ಎಸ್‌ಡಿಎಂಸಿಗೆ (ಶಾಲಾಭಿವೃದ್ಧಿ ಮತ್ತು ಮೇಲುಸ್ತುವಾರಿ ಸಮಿತಿ) ಇದೆಯೇ? ಸಿಎಸ್‌ಆರ್ ಹಣದಲ್ಲಿ ಆಡಳಿತ ವೆಚ್ಚ 5% ದಾಟುವಂತಿಲ್ಲ ಅನ್ನುವುದು ನಿಜವೇ?

ಖಾತೆಕಿರ್ದಿ:
ಖಾಲಿ ಬಿಟ್ಟಿದ್ದಕ್ಕೆ ಮಾತ್ರವಲ್ಲ, ಮೊತ್ತ ತುಂಬಿ ತಂದರೂ ಆ ಯುಸಿಗೆ ಸಹಿ ಬೇಡ. ಹಣ ನಿಮ್ಮ ಖಾತೆಗೆ ಬಂದೇ ಇಲ್ಲ, ಮತ್ತೆ ಬಳಸಿದ್ದೇವೆ ಅಂತ ಬರೆದುಕೊಡುವುದು ಹೇಗೆ? ಸಾಮಗ್ರಿ ಬಂದಾಗ ಕೊಡಬೇಕಾದದ್ದು ಸ್ವೀಕೃತಿ ಪತ್ರ. ಅದರಲ್ಲಿ ತಯಾರಕರ ಹೆಸರು, ಮಾದರಿ, ಸೀರಿಯಲ್ ನಂಬರ್, ಎಷ್ಟು, ಬಂದ ದಿನಾಂಕ, ಶಾಲೆಯ 11 ಅಂಕಿಯ ಯುಡೈಸ್ ಕೋಡ್ (ಶಾಲೆಯ ಗುರುತಿನ ಸಂಖ್ಯೆ) ಇರಲಿ. ಬೆಲೆ ಬರೆಯಬೇಕೆಂದರೆ ಬಿಲ್ಲಿನ ನಕಲು ಕೊಡಲಿ. ಅದೇ ದಿನ ದಾಸ್ತಾನು ವಹಿಗೆ ಏರಿಸಿ. ವಹಿಯಲ್ಲಿಲ್ಲದ ಪ್ರೊಜೆಕ್ಟರ್ ನಾಳೆ ಕಳುವಾದರೆ ದೂರು ಕೊಡಲೂ ಆಧಾರ ಇರುವುದಿಲ್ಲ. ಸೀರಿಯಲ್ ನಂಬರ್ ಯಾಕೆ ಅಂದರೆ, ಒಂದೇ ಕೊಠಡಿಯ ಫೋಟೊ ಇಬ್ಬರು ದಾನಿಗಳ ಲೆಕ್ಕದಲ್ಲಿ ಸೇರಿಕೊಳ್ಳುವ ದಾರಿ ಅಲ್ಲಿಗೆ ಮುಚ್ಚುತ್ತದೆ.

ಲೆಕ್ಕ ಕೇಳುವ ಅಧಿಕಾರ ಎಸ್‌ಡಿಎಂಸಿಗೆ ಇದೆ. ಆರ್‌ಟಿಇ (ಶಿಕ್ಷಣ ಹಕ್ಕು) ಕಾಯ್ದೆಯ 21(2) ಸೆಕ್ಷನ್ ಸರ್ಕಾರದ ಅನುದಾನದ ಜೊತೆಗೆ 'ಇತರ ಯಾವುದೇ ಮೂಲದಿಂದ' ಬಂದ ಅನುದಾನದ ಬಳಕೆಯ ಮೇಲೂ ಶಾಲಾ ಸಮಿತಿ ಕಣ್ಣಿಡಬೇಕು ಅನ್ನುತ್ತದೆ. ಆದರೆ ಅದು ನಿಮ್ಮ ಶಾಲೆಗೆ ಬಂದಿದ್ದರ ಮಟ್ಟಿಗೆ. ಟ್ರಸ್ಟ್‌ನ ಇಡೀ ಲೆಕ್ಕಪುಸ್ತಕ ತೆರೆಸುವ ಅಧಿಕಾರ ಅಲ್ಲ.

ದಾಸ್ತಾನು_ವಹಿ:
5% ವಿಚಾರದಲ್ಲಿ ಬಹಳ ಜನ ಎಡವುತ್ತಾರೆ. ಅದು ಕಂಪನಿ ತನ್ನ ಸಿಎಸ್‌ಆರ್ ವಿಭಾಗ ನಡೆಸಲು ಹಾಕಿಕೊಳ್ಳುವ ಖರ್ಚಿನ ಮಿತಿ, ಟ್ರಸ್ಟ್‌ನ ಖರ್ಚಿಗೆ ಅನ್ವಯಿಸುವುದಿಲ್ಲ. ಹಾಗಾಗಿ ಟ್ರಸ್ಟ್ ಜೊತೆಗಿನ ಒಪ್ಪಂದದಲ್ಲೇ ಬಾಬ್ತುವಾರು ಬಜೆಟ್ ಕೇಳಿ: ಸಾಮಗ್ರಿ, ಅಳವಡಿಕೆ, ಶಿಕ್ಷಕರ ತರಬೇತಿ, ಟ್ರಸ್ಟ್ ಸಿಬ್ಬಂದಿ ವೆಚ್ಚ.

ಮೊದಲು ಟ್ರಸ್ಟ್‌ನ ಸಿಎಸ್‌ಆರ್-1 (ಸಿಎಸ್‌ಆರ್ ಕೆಲಸ ಮಾಡುವ ಸಂಸ್ಥೆಗಳ ನೋಂದಣಿ ನಮೂನೆ) ನೋಂದಣಿ ಸಂಖ್ಯೆ ಕೇಳಿ. 2021ರ ಏಪ್ರಿಲ್ 1ರಿಂದ ಅದಿಲ್ಲದೆ ಯಾವ ಟ್ರಸ್ಟೂ ಕಂಪನಿಗಳ ಸಿಎಸ್‌ಆರ್ ಕೆಲಸ ಹಿಡಿಯುವಂತಿಲ್ಲ. ಇನ್ನೊಂದು, ಸಿಎಸ್‌ಆರ್ ಹಣದಲ್ಲಿ ಆದ ಬಂಡವಾಳ ಆಸ್ತಿಯ (ಬಹುಕಾಲ ಬಳಕೆಗೆ ಬರುವ ಸಾಮಗ್ರಿ, ಕಟ್ಟಡ) ವಿಳಾಸ, ಪಿನ್‌ಕೋಡ್, ದಿನಾಂಕ, ಖರ್ಚಾದ ಮೊತ್ತ ಮತ್ತು ಮಾಲೀಕರು ಯಾರು ಅನ್ನುವುದನ್ನು ಕಂಪನಿ ತನ್ನ ವಾರ್ಷಿಕ ಸಿಎಸ್‌ಆರ್ ವರದಿಯಲ್ಲಿ ತೋರಿಸಬೇಕು. ಮುಂದಿನ ವರ್ಷ ಆ ವರದಿ ತೆಗೆದು ನಿಮ್ಮ ವಹಿಯ ಜೊತೆ ತಾಳೆ ನೋಡಿ. ಮಾಲೀಕರ ಕಾಲಂನಲ್ಲಿ ಟ್ರಸ್ಟ್ ಹೆಸರಿದ್ದರೆ ನಾಳೆ ಸಾಮಗ್ರಿ ವಾಪಸ್ ಒಯ್ಯಲೂಬಹುದು. ನಿಯಮ ಅದಕ್ಕೆ ಅಡ್ಡಿ ಮಾಡುವುದಿಲ್ಲ, ಟ್ರಸ್ಟ್ ಹೆಸರಲ್ಲೂ ಆಸ್ತಿ ಇಡಬಹುದು. ಅದಕ್ಕೇ ಹಸ್ತಾಂತರದ ಮಾತು ಲಿಖಿತವಾಗಿ ಬೇಕು. ಒಪ್ಪಂದದ ಕರಡನ್ನು ಬಿಇಒ (ಕ್ಷೇತ್ರ ಶಿಕ್ಷಣಾಧಿಕಾರಿ) ಮೂಲಕ ಇಲಾಖೆಗೆ ಕಳಿಸಿ, ಒಪ್ಪಿಗೆ ಬಂದ ಮೇಲೆ ಸಹಿ.

ಕರಿಹಲಗೆ:
ಕೊಡುವಾಗಿನ ಖರ್ಚು ಟ್ರಸ್ಟ್‌ನದು, ಆಮೇಲಿನದು ಯಾರದು? 140 ಮಕ್ಕಳ ಶಾಲೆಗೆ ಸಮಗ್ರ ಶಿಕ್ಷಾ (ಕೇಂದ್ರದ ಶಾಲಾ ಶಿಕ್ಷಣ ಯೋಜನೆ) ಮಾನದಂಡದ ಪ್ರಕಾರ ಸಂಯುಕ್ತ ಶಾಲಾ ಅನುದಾನ ವರ್ಷಕ್ಕೆ 50,000 ರೂಪಾಯಿ. ಅದರಲ್ಲಿ ಕನಿಷ್ಠ 10% ಸ್ವಚ್ಛತೆಗೆ. ಉಳಿದ 45,000ದಲ್ಲಿ ಸೀಮೆಸುಣ್ಣದಿಂದ ಸಣ್ಣಪುಟ್ಟ ದುರಸ್ತಿವರೆಗೆ ಎಲ್ಲವೂ ಆಗಬೇಕು. ಯುಪಿಎಸ್ ಬ್ಯಾಟರಿ ಮೂರು ನಾಲ್ಕು ವರ್ಷಕ್ಕೆ ಕೈಕೊಡುತ್ತದೆ. ಪಾಠದ ಸಾಫ್ಟ್‌ವೇರ್ ಮೊದಲ ವರ್ಷ ಉಚಿತ, ಆಮೇಲೆ ನವೀಕರಣ ಶುಲ್ಕ. ಮೂಲೆ ಸೇರಿದ ಸ್ಮಾರ್ಟ್ ಬೋರ್ಡ್‌ಗಳ ಹಿಂದೆ ಹೆಚ್ಚಾಗಿ ಇವೆರಡೇ ಕಾರಣ. ಕನಿಷ್ಠ ಮೂರು ವರ್ಷದ ನಿರ್ವಹಣಾ ಒಪ್ಪಂದ ಮತ್ತು ಸಾಫ್ಟ್‌ವೇರ್ ಪರವಾನಗಿ ಕೇಳಿ. ಕೊಡದಿದ್ದರೆ ಎರಡರ ಬದಲು ಒಂದೇ ಕೊಠಡಿ ಸಾಕು ಅನ್ನಿ.

ಶಾಲೆಬಾಗಿಲು:
ಧನ್ಯವಾದ. ಟ್ರಸ್ಟ್ ಮಾಹಿತಿ ಕೊಡದಿದ್ದರೆ ಆರ್‌ಟಿಐ (ಮಾಹಿತಿ ಹಕ್ಕು) ಅರ್ಜಿ ಹಾಕಬಹುದೇ?

ಖಾತೆಕಿರ್ದಿ:
ಟ್ರಸ್ಟ್‌ಗೆ ನೇರವಾಗಿ ಹಾಕುವುದು ಕಷ್ಟ. ಸರ್ಕಾರದಿಂದ ಗಣನೀಯವಾಗಿ ಹಣ ಪಡೆಯುವ ಸಂಸ್ಥೆ ಆರ್‌ಟಿಐ ವ್ಯಾಪ್ತಿಗೆ ಬರುತ್ತದೆ ಅಂತ 2019ರಲ್ಲಿ ಡಿಎವಿ ಕಾಲೇಜು ಟ್ರಸ್ಟ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಸಿಎಸ್‌ಆರ್ ಹಣ ಕಂಪನಿಯದು, ಸರ್ಕಾರದ್ದಲ್ಲ. ಬಿಇಒ ಕಚೇರಿಗೆ ಹಾಕಿ, ಅಲ್ಲಿರುವ ಒಪ್ಪಂದ, ಅನುಮತಿ ಪತ್ರ, ಟ್ರಸ್ಟ್ ಸಲ್ಲಿಸಿದ ವರದಿಗಳ ನಕಲು ಕೇಳಿ. ಶುಲ್ಕ 10 ರೂಪಾಯಿ. ಕರ್ನಾಟಕದ ನಿಯಮದಲ್ಲಿ ಒಂದು ಅರ್ಜಿಗೆ ಒಂದೇ ವಿಷಯ, 150 ಪದದೊಳಗೆ. ಕಂಪನಿ ವರದಿ, ಶಾಲೆಯ ಕಟ್ಟಡ ಎಲ್ಲವನ್ನೂ ಒಂದರಲ್ಲೇ ತುರುಕಿದರೆ ಅದೇ ನೆಪದಲ್ಲಿ ಅರ್ಜಿ ತಿರುಗಿ ಬರುತ್ತದೆ.