ಅಪ್‌ಡೇಟ್: ಪ್ಲಾಂಟ್ ಬಿಟ್ಟು ಮೆದುಳಿನ ಲ್ಯಾಬ್‌ಗೆ, ಕೆಲಸ ಸಿಕ್ತು!

ತೋರಣಗಲ್ಲು ಕಡೆ ಒಂದು ಪ್ಲಾಂಟಿನಲ್ಲಿ ಇನ್‌ಸ್ಟ್ರುಮೆಂಟೇಷನ್ (ಅಳತೆ ಉಪಕರಣಗಳ) ಕೆಲಸದಲ್ಲಿದೀನಿ, ಬಯಾಲಜಿ ಹತ್ತನೇ ಕ್ಲಾಸಿಗೇ ಮುಗೀತು, ನರವಿಜ್ಞಾನ ಲ್ಯಾಬ್‌ನಲ್ಲಿ ಇಂಜಿನಿಯರ್ ಆಗಬಹುದಾ ಅಂತ ಕೇಳಿದ್ದೆನಲ್ರೀ? ಬೆಂಗಳೂರಿನ ಒಂದು ಲ್ಯಾಬ್‌ನಲ್ಲಿ ಪ್ರಾಜೆಕ್ಟ್ ಹುದ್ದೆ ಸಿಕ್ಕಿದೆ.

ಜಾಬ್ ಪೋರ್ಟಲ್‌ಗಳಿಂದ ಏನೂ ಗಿಟ್ಟಲಿಲ್ಲ, ಬರೀ ಕಾಲ್ ಸೆಂಟರ್ ಫೋನುಗಳು. ಎಂ.ಟೆಕ್ ಮಾಡ್ರಿ ಅಂದಿದ್ರಿ, ಈ ಹುದ್ದೆಗೆ ಅದು ಬೇಕಾಗಲಿಲ್ಲ. ಕೈ ಹಿಡಿದಿದ್ದು 'ಒಂದು ಇಇಜಿ ಆಂಪ್ಲಿಫೈಯರ್ (ಮೆದುಳಿನ ಸಣ್ಣ ವಿದ್ಯುತ್ ಸಿಗ್ನಲ್ ಹಿಗ್ಗಿಸೋ ಸರ್ಕ್ಯೂಟ್) ಕಟ್ಟಿ, ಅದರ ಡೇಟಾ ಸಮೇತ ನೇರ ಪ್ರೊಫೆಸರ್‌ಗೇ ಮೇಲ್ ಹಾಕ್ರಿ' ಅನ್ನೋ ಸಲಹೆ. ಎಡಿ620 ಚಿಪ್ ಹಾಕಿ, ಬ್ಯಾಟರಿ ಮೇಲೆ ಓಡೋ ಹಂಗೆ ಕಟ್ಟಿದೆ (ತಲೆಗೆ ಅಂಟಿಸೋದು, ಮೇನ್ಸ್ ಕರೆಂಟ್ ಹತ್ತಿರವೂ ಬೇಡ). ಕಣ್ಣು ಮುಚ್ಚಿದರೆ 8–13 ಹರ್ಟ್ಸ್‌ನ ಮೆದುಳಿನ ಆಲ್ಫಾ ಅಲೆ ಪೈಥಾನ್ ಗ್ರಾಫಿನಲ್ಲಿ ಎದ್ದು ಕಾಣ್ತಿತ್ತು.

ನನಗೆ ಅಚ್ಚರಿ ಆಗಿದ್ದು ಸಂದರ್ಶನದಲ್ಲಿ. ನ್ಯೂರಾನ್ (ನರಕೋಶ) ಬಗ್ಗೆ ಒಂದೆರಡು ಮಾತು, ಉಳಿದಿದ್ದೆಲ್ಲ ಅರ್ಥಿಂಗ್, ಶೀಲ್ಡಿಂಗ್, ಗ್ರೌಂಡ್ ಲೂಪ್, ಅಂದ್ರೆ ಸಿಗ್ನಲ್ಲಿಗೆ ಕರೆಂಟಿನ ಗದ್ದಲ ಸೇರದಂಗೆ ತಡೆಯೋ ವಿಷಯ! ನೆತ್ತಿಯ ಮೇಲೆ ಸಿಗೋ ಸಿಗ್ನಲ್ ಹತ್ತಾರು ಮೈಕ್ರೋವೋಲ್ಟ್ ಅಷ್ಟೇ. ಮೇನ್ಸ್ ಕರೆಂಟಿನ 50 ಹರ್ಟ್ಸ್ ಗುಂಯ್‌ಗುಡೋ ಸದ್ದಿನ ನಡುವೆ ಅದನ್ನ ಹಿಡಿಯೋದಂದ್ರೆ ಜಾತ್ರೆ ಮೈಕಿನ ಪಕ್ಕ ಪಿಸುಮಾತು ಕೇಳಿದಂಗೆ. ಪ್ಲಾಂಟಿನಲ್ಲಿ ದಿನಾ ಮಾಡ್ತಿದ್ದ ಕೆಲಸಾನೇ ಇದು.

ಸಂಬಳ ಈಗಿನದಕ್ಕಿಂತ ಕಮ್ಮಿ, ಗ್ರಾಂಟ್ ಇರೋತನಕ ಮಾತ್ರ ಹುದ್ದೆ. ಅವ್ವನಿಗೆ ಇನ್ನೂ ಸಮಾಧಾನ ಇಲ್ಲ. ಹುಡುಕೋರು ನಿಮ್ಹಾನ್ಸ್, ಐಐಎಸ್‌ಸಿ ವೆಬ್‌ಸೈಟುಗಳಲ್ಲೇ ಪ್ರಾಜೆಕ್ಟ್ ಹುದ್ದೆಗಳ ಪ್ರಕಟಣೆ ನೋಡ್ತಿರ್ರಿ. ಸರ್ಕ್ಯೂಟ್ ಚಿತ್ರ ಬೇಕಾದವರು ಕೇಳ್ರಿ, ಕಳಿಸ್ತೀನಿ.