ಟೆಕ್ಸಾಸ್‌ನಲ್ಲಿ ಕಡಿಮೆ ಖರ್ಚಿನ ಕಾಡುಹಂದಿ ಬೇಟೆ: ಎಲ್ಲಿಗೆ ಹೋಗುವುದು?

ಪ್ರಶ್ನೆ, ಡಲ್ಲಾಸ್‌ನಿಂದ: ಇಬ್ಬರು ಸ್ನೇಹಿತರು, ಇಬ್ಬರೂ ಎಚ್‌-1ಬಿ ಉದ್ಯೋಗ ವೀಸಾದವರು. ಒಂದು ವಾರಾಂತ್ಯ, ಒಟ್ಟು 500 ಡಾಲರ್. ಖಾಸಗಿ ರ‍್ಯಾಂಚ್ ಒಳ್ಳೆಯದೋ, ಸರ್ಕಾರಿ ಕಾಡೋ? ಹೋಗಿ ಬಂದವರು ತಿಳಿಸಿ.

ಹ್ಯೂಸ್ಟನ್‌ನ ಕೊಡಗಿನವ: ಸರ್ಕಾರಿ ಕಾಡು, ಎರಡನೇ ಮಾತಿಲ್ಲ. ನಾನು ಹೋಗುವುದು ಸ್ಯಾಮ್ ಹ್ಯೂಸ್ಟನ್ ರಾಷ್ಟ್ರೀಯ ಅರಣ್ಯಕ್ಕೆ. ಪರವಾನಗಿ 25, ಸಾರ್ವಜನಿಕ ಬೇಟೆಯ ವಾರ್ಷಿಕ ಪರ್ಮಿಟ್ 48. ಒಟ್ಟು 73 ಡಾಲರ್‌ಗೆ ವರ್ಷ ಕಳೆಯುತ್ತದೆ. ಜೋಳ ಚೆಲ್ಲಿ ಕಾಯುವಂತಿಲ್ಲ, ಹಳ್ಳದ ಬದಿಯಲ್ಲಿ ಜಾಡು ಹಿಡಿಯಬೇಕು. ಹೊರಳಾಡಿ ಎದ್ದ ಹಂದಿ ಮೈ ಉಜ್ಜಿದ ಪೈನ್ ಮರದ ಬುಡದಲ್ಲಿ ಕೆಸರು ಹಸಿಯಾಗಿದ್ದರೆ ಗುಂಪು ದೂರ ಹೋಗಿಲ್ಲ. ಮೊದಲ ಚಳಿಗಾಲವಿಡೀ ಬರಿಗೈಯಲ್ಲಿ ಬಂದೆ, ನಿಜ. ಆದರೂ ದುಡ್ಡು ಕೊಟ್ಟು ಬೇಲಿಯೊಳಗೆ ಹೊಡೆಯುವುದನ್ನು ನಾನು ಬೇಟೆ ಎನ್ನುವುದಿಲ್ಲ.

ಸ್ಯಾನ್ ಆಂಟೋನಿಯೊದಿಂದ: ಚಳಿಗಾಲವಿಡೀ ಪೆಟ್ರೋಲ್ ಸುಟ್ಟು ಬರಿಗೈಯಲ್ಲಿ ಬರುವುದು ಅಗ್ಗವೇ? ನಾನು ರ‍್ಯಾಂಚಿಗೆ ಹೋದವನು. ಮಾಲೀಕರ ಒಪ್ಪಿಗೆಯಿದ್ದರೆ ಖಾಸಗಿ ಜಮೀನಿನಲ್ಲಿ ಹಂದಿಗೆ 2019ರ ಸೆಪ್ಟೆಂಬರ್‌ನಿಂದ ಪರವಾನಗಿಯೇ ಬೇಡ. ದಿನಕ್ಕೆ 175 ಎಂದರು. ಆಮೇಲೆ ಬಿಲ್ ಬೆಳೆಯಿತು: ಥರ್ಮಲ್ ಸ್ಕೋಪ್ (ಮೈಶಾಖದಿಂದ ಕತ್ತಲಲ್ಲೂ ಪ್ರಾಣಿಯನ್ನು ತೋರಿಸುವ ದುರ್ಬೀನು) ಬಾಡಿಗೆ 100, ಹಂದಿ 150 ಪೌಂಡ್ ಮೀರಿತೆಂದು 200, ಚರ್ಮ ಸುಲಿಯಲು 75, ಮಾಂಸ ಕತ್ತರಿಸಿ ಕಟ್ಟಲು ಪೌಂಡಿಗೆ ಒಂದೂವರೆ, ಐಸ್ ಬೇರೆ. ಆ ಮಾಲೀಕನ ಮೇಲೆ ಸಿಟ್ಟು ಇನ್ನೂ ಆರಿಲ್ಲ. ಆದರೆ ಹಂದಿ ಮನೆಗೆ ಬಂತು. ಅದು ಬೇಟೆಯಲ್ಲ ಎನ್ನಲು ನೀವು ಯಾರು?

ಆಸ್ಟಿನ್‌ನಿಂದ: ಕೇಳಿದವರು ಎಚ್‌-1ಬಿ ಎಂದು ಬರೆದದ್ದನ್ನು ಯಾರೂ ಓದಲಿಲ್ಲವೇ? ಆ ವೀಸಾದವರು ಬಂದೂಕು ಹಿಡಿಯುವುದೇ ಫೆಡರಲ್, ಅಂದರೆ ಕೇಂದ್ರ ಕಾನೂನಿನ, ಅಪರಾಧ. ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಿದ್ದರೆ ಮಾತ್ರ ವಿನಾಯಿತಿ. ಪರವಾನಗಿ ಬೇಡವೆಂದು ಟೆಕ್ಸಾಸ್ ರಾಜ್ಯ ಹೇಳಿದರೂ ಅವರಿಗೆ ಅದು ಬೇಕೇ ಬೇಕು. ಗ್ರೀನ್ ಕಾರ್ಡ್ ಬರುವವರೆಗೆ ನಾನು ಒಂದು ವರ್ಷವೂ ತಪ್ಪಿಸದೆ ಅದರ ಶುಲ್ಕ ಕಟ್ಟಿದೆ. ಅರ್ಧ ಮಾಹಿತಿ ಕೊಟ್ಟು ಜನರನ್ನು ಕೋರ್ಟಿಗೆ ಕಳಿಸಬೇಡಿ.

ಸ್ಯಾನ್ ಆಂಟೋನಿಯೊದಿಂದ: ನಾನು ಅಮೆರಿಕದ ಪ್ರಜೆ. ನನ್ನ ಅನುಭವ ಹೇಳಿದೆ, ವಕೀಲಿಕೆ ಮಾಡಲಿಲ್ಲ.

ಹ್ಯೂಸ್ಟನ್‌ನ ಕೊಡಗಿನವ: ಅಷ್ಟು ದೊಡ್ಡ ಗಂಡು ಹಂದಿಗೆ 200 ಡಾಲರ್ ಹೆಚ್ಚುವರಿ ಕೊಟ್ಟಿರಾ? ಆ ಮಾಂಸ ನಾರುತ್ತದೆ. ಪಂದಿ ಕರಿಗೆ 60 ಪೌಂಡ್ ಒಳಗಿನ ಹೆಣ್ಣೇ ಸರಿ.

ಪ್ಲೇನೊದಿಂದ ಒಬ್ಬ ಗೃಹಿಣಿ: ಮಾಂಸವನ್ನು ಬೇಗ ತಣಿಸದಿದ್ದರೆ ಯಾವ ಹಂದಿಯೂ ನಾರುತ್ತದೆ. ನನ್ನ ಯಜಮಾನರು ಕೈಗವಸಿಲ್ಲದೆ ಕರುಳು ತೆಗೆದು ಬ್ರುಸೆಲ್ಲೋಸಿಸ್ (ಪ್ರಾಣಿಗಳಿಂದ ಅಂಟುವ ಬ್ಯಾಕ್ಟೀರಿಯಾ ರೋಗ) ತಂದುಕೊಂಡರು. ಬಿಟ್ಟು ಬಿಟ್ಟು ಜ್ವರ, ವಾರಗಟ್ಟಲೆ ಮಾತ್ರೆ, ವಿಮೆ ಕಳೆದು ಕೈಯಿಂದ 1,140 ಡಾಲರ್. ನಿಮ್ಮ 73ರ ಲೆಕ್ಕದಲ್ಲಿ ಇದು ಎಲ್ಲಿದೆ? ಮಾಂಸದ ಒಳಗಿನ ಶಾಖ 160 ಡಿಗ್ರಿ ಫ್ಯಾರನ್‌ಹೀಟ್ ಮುಟ್ಟಲೇಬೇಕು.

ಹ್ಯೂಸ್ಟನ್‌ನ ಕೊಡಗಿನವ: ಕಾಚಂಪುಳಿ (ನಮ್ಮ ಕೊಡಗಿನ ಕಪ್ಪು ಹುಳಿ) ಹಾಕಿ ಎರಡು ಗಂಟೆ ಬೇಯಿಸುವವರಿಗೆ ಶಾಖದ ಪಾಠ ಬೇಡ, ಅಕ್ಕಾ. ಕೈಗವಸಿನ ಮಾತು ಒಪ್ಪಿದೆ.